ಕಂಟ್ರೋಲ್ ಸರಿಯಿದೆ, ಪೇಷೆಂಟ್‌ಗಳ ಕ್ಯಾಲ್ಸಿಯಂ ಮಾತ್ರ ಕಮ್ಮಿ ಬರ್ತಿದೆ – ಎಲ್ಲಿ ಹುಡುಕಲಿ?

ಬಂಗಾರಪೇಟೆ_ಲ್ಯಾಬ್

ಎಲ್ಲರಿಗೂ ನಮಸ್ಕಾರ. ನಮ್ಮದು ಬಂಗಾರಪೇಟೆಯಲ್ಲಿ ಒಂದು ಸಣ್ಣ ಲ್ಯಾಬ್. ಫುಲ್ಲಿ ಆಟೋ ಕೆಮಿಸ್ಟ್ರಿ ಅನಲೈಸರ್ ಇದೆ, ಸೋಡಿಯಂ, ಪೊಟ್ಯಾಸಿಯಂ ಥರದ ಎಲೆಕ್ಟ್ರೋಲೈಟ್‌ಗೆ ಬೇರೆ ಐಎಸ್‌ಇ (ಎಲೆಕ್ಟ್ರೋಡ್‌ನಿಂದ ಅಳೆಯೋ) ಮೆಷಿನ್. ಕೆಲವು ವಾರಗಳಿಂದ ಕ್ಯಾಲ್ಸಿಯಂ ಕೆಳಗಿಳಿದು ಕೂತಿದೆ. ಮೊದಲು 9.2, 9.6 (ಡೆಸಿಲೀಟರ್‌ಗೆ ಮಿಲಿಗ್ರಾಂ) ಬರ್ತಿದ್ದ ಕಡೆ ಈಗ 8.3, 8.6. ಆಟ ಆಡೋವಾಗ ಬಿದ್ದು ಕೈ ಮುರಿದುಕೊಂಡ ಕಾಲೇಜು ಹುಡುಗನಿಗೂ 8.2. ಮೂಳೆ ಡಾಕ್ಟರು ಫೋನ್ ಮಾಡಿ "ಏನಮ್ಮ, ನಿಮ್ಮ ಲ್ಯಾಬಿಗೆ ಬಂದವರಿಗೆಲ್ಲ ಕ್ಯಾಲ್ಸಿಯಂ ಕಮ್ಮೀನಾ?" ಅಂತ ಕೇಳಿದರು.

ಕಂಟ್ರೋಲ್ (ಎಷ್ಟು ಬರಬೇಕು ಅಂತ ಮೊದಲೇ ಗೊತ್ತಿರೋ ಸ್ಯಾಂಪಲ್) ನೋಡಿದರೆ ಎರಡೂ ಲೆವೆಲ್ ಮೀನ್ (ಸರಾಸರಿ) ಪಕ್ಕದಲ್ಲೇ ಇವೆ. ದಿನದಿನದ ಕಂಟ್ರೋಲ್ ಗುರುತಿಸೋ ಎಲ್‌ಜೆ ಚಾರ್ಟ್‌ನಲ್ಲಿ ಒಂದು ಚುಕ್ಕಿಯೂ 2 ಎಸ್‌ಡಿ ಮಿತಿ ದಾಟಿಲ್ಲ. ಹೊಸ ಲಾಟ್ ರೀಏಜೆಂಟ್ ಹಾಕಿ, ಲ್ಯಾಂಪ್ ಬದಲಾಯಿಸಿ, ಮತ್ತೆ ಕ್ಯಾಲಿಬ್ರೇಟ್ ಮಾಡಿದ್ದೂ ಆಯ್ತು. ಕ್ಯಾಲ್ಸಿಯಂಗೆ ಆರ್ಸೆನಾಜೊ (ಬಣ್ಣ ಬರಿಸೋ ರೀಏಜೆಂಟ್) ಮೆಥಡ್. ಶುಗರ್, ಯೂರಿಯಾ, ಕ್ರಿಯಾಟಿನಿನ್ ಎಲ್ಲ ಚೆನ್ನಾಗಿವೆ.

ಗೌರಿಬಿದನೂರು_ಎಂಎಲ್‌ಟಿ

ಮೊದಲು ರಕ್ತ ತೆಗೆಯೋ ಕ್ರಮ ನೋಡಿ ಮೇಡಂ. ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಹಿಡಿದಿಡೋ ಪದಾರ್ಥ) ಟ್ಯೂಬಿಗೆ ಮೊದಲು ತುಂಬಿಸಿ ಆಮೇಲೆ ಸೀರಂ ಟ್ಯೂಬಿಗೆ ಹಾಕಿದರೆ ಕ್ಯಾಲ್ಸಿಯಂ ಬಿದ್ದುಹೋಗುತ್ತೆ. ಹಾಗಾಗಿದ್ದರೆ ಪೊಟ್ಯಾಸಿಯಂ ಮೇಲೇರಿರುತ್ತೆ, ಎಎಲ್‌ಪಿ (ಒಂದು ಕಿಣ್ವ) ಇಳಿದಿರುತ್ತೆ. ಆಲ್ಬುಮಿನ್ ಕಮ್ಮಿ ಇದ್ದರೂ ಟೋಟಲ್ ಕ್ಯಾಲ್ಸಿಯಂ ಕಮ್ಮಿ ತೋರಿಸುತ್ತೆ, ಅದನ್ನೂ ನೋಡಿ.

ಬಂಗಾರಪೇಟೆ_ಲ್ಯಾಬ್

ನೋಡಿದೆ ಸಾರ್. ಪೊಟ್ಯಾಸಿಯಂ, ಎಎಲ್‌ಪಿ ನಾರ್ಮಲ್. ಆಲ್ಬುಮಿನ್ 4ರ ಆಸುಪಾಸು. ಆದರೆ ಮೆಗ್ನೀಸಿಯಂ ಕೂಡ ಸ್ವಲ್ಪ ಇಳಿದಿರೋದು ಈಗ ಕಣ್ಣಿಗೆ ಬಿತ್ತು. ಒಂದು ಸೀರಂ ಎರಡು ಭಾಗ ಮಾಡಿ ಕೋಲಾರದ ಇನ್ನೊಂದು ಲ್ಯಾಬಿಗೂ ಕಳಿಸಿದ್ದೆ. ನಮ್ಮಲ್ಲಿ 8.6, ಅವರಲ್ಲಿ 9.4.

ತುಮಕೂರು_ಬಯೋಕೆಮ್

ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಒಟ್ಟಿಗೆ ಇಳಿದಿದ್ದರೆ ನೀರಿನ ಮೇಲೆ ಅನುಮಾನ ಪಡಿ. ಕ್ಯಾಲಿಬ್ರೇಟರ್ (ಮೆಷಿನ್‌ಗೆ ಅಳತೆ ಹೊಂದಿಸೋ ಸ್ಯಾಂಪಲ್), ಕಂಟ್ರೋಲ್ ಪುಡಿ ಕರಗಿಸೋದು ಯಾವ ನೀರಲ್ಲಿ? ಸೊನ್ನೆ ಗುರುತಿಸೋ ಬ್ಲ್ಯಾಂಕ್‌ಗೆ ಯಾವುದು? ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಎಷ್ಟಿದೆ?

ಬಂಗಾರಪೇಟೆ_ಲ್ಯಾಬ್

ಮೂರಕ್ಕೂ ಮೆಷಿನ್‌ಗೆ ಹೋಗೋ ನೀರೇ ಸಾರ್. ಬೋರ್‌ವೆಲ್ ನೀರು, ಆರ್‌ಓ ಆಗಿ ಡಿಐ ಕಾರ್ಟ್ರಿಡ್ಜ್ (ಉಳಿದ ಲವಣ ಹೀರೋ ರೆಸಿನ್ ತುಂಬಿದ್ದು) ದಾಟಿ ಬರುತ್ತೆ. ಪೆನ್ ಮೀಟರ್‌ನಲ್ಲಿ ಟಿಡಿಎಸ್ 40. ಕುಡಿಯೋ ನೀರಿಗಿಂತ ಎಷ್ಟೋ ಚೆನ್ನಾಗಿದೆ ಅಂತ ಸರ್ವಿಸ್‌ನವರು ಹೇಳಿ ಹೋದರು.

ತುಮಕೂರು_ಬಯೋಕೆಮ್

ಕುಡಿಯೋಕೆ 40 ಚಿನ್ನದಂಥ ನೀರು. ಅನಲೈಸರ್‌ಗೆ ಅದು ಕೊಳಕು ನೀರು. ಲ್ಯಾಬ್ ನೀರಿನ ರೆಸಿಸ್ಟಿವಿಟಿ (ಕರೆಂಟ್ ತಡೆಯೋ ಗುಣ, ಲವಣ ಕಮ್ಮಿಯಾದಷ್ಟೂ ಹೆಚ್ಚು) 10 ಮೆಗಾಓಮ್-ಸೆಂ.ಮೀ.ಗಿಂತ ಮೇಲಿರಬೇಕು, ಅಂದರೆ ಕಂಡಕ್ಟಿವಿಟಿ 0.1 ಮೈಕ್ರೋಸೀಮೆನ್ಸ್‌ಗಿಂತ ಕೆಳಗೆ. ನಿಮ್ಮ 40 ಅಂದರೆ ಸುಮಾರು 80 ಮೈಕ್ರೋಸೀಮೆನ್ಸ್. ರೆಸಿನ್ ಮುಗಿದಿದೆ, ಆರ್‌ಓ ನೀರು ಹಾಗೇ ದಾಟಿ ಬರ್ತಿದೆ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಗೊತ್ತಲ್ಲ, ಒಳ್ಳೆಯ ಮೆಂಬ್ರೇನ್ ದಾಟಿದ ಮೇಲೂ ಸ್ವಲ್ಪ ಉಳಿದೇ ಉಳಿಯುತ್ತೆ.

ನೀರಲ್ಲಿ ಲೀಟರ್‌ಗೆ 8 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಅಂತ ಇಟ್ಟುಕೊಳ್ಳಿ. ಡೆಸಿಲೀಟರ್ ಲೆಕ್ಕದಲ್ಲಿ 0.8. ಆ ನೀರಲ್ಲಿ ಕರಗಿಸಿದ 10.0 ಕ್ಯಾಲಿಬ್ರೇಟರ್ ನಿಜವಾಗಿ 10.8. ಬ್ಲ್ಯಾಂಕ್‌ನಲ್ಲೂ 0.8 ಇದೆ, ಆದರೆ ಮೆಷಿನ್ ಅದನ್ನು ಸೊನ್ನೆ ಅಂತ ಹಿಡಿಯುತ್ತೆ. 10.8ರಲ್ಲಿ 0.8 ಹೋದರೆ 10, ಕ್ಯಾಲಿಬ್ರೇಶನ್ ಪಾಸ್. ಕಂಟ್ರೋಲ್ 9.0 ಇದ್ದದ್ದು 9.8 ಆಗಿರುತ್ತೆ, 0.8 ಕಳೆದರೆ ಮತ್ತೆ 9.0, ಅದೂ ಪಾಸ್. ಪೇಷೆಂಟ್ ಸೀರಂಗೆ ಮಾತ್ರ ನಿಮ್ಮ ನೀರು ಸೇರಿಲ್ಲ. 9.4 ಇದ್ದವರಿಗೂ 0.8 ಕಳೆದು 8.6 ಅನ್ನುತ್ತೆ. ಅಂಗಡಿಯಲ್ಲಿ ಡಬ್ಬದ ತೂಕ ಕಳೆದಿಟ್ಟ ತಕ್ಕಡಿಯಲ್ಲಿ, ಡಬ್ಬ ತರದೆ ಬಂದವರ ಬೇಳೆಯನ್ನೂ ತೂಗಿದ ಹಾಗೆ. ಎಷ್ಟು ಸಲ ಕ್ಯಾಲಿಬ್ರೇಟ್ ಮಾಡಿದರೂ ಅದೇ ನೀರು, ಅದೇ ಉತ್ತರ. ಪುಡಿಯಾಗಿ ಬರೋ ಇಕ್ಯೂಎಎಸ್ (ಹೊರಗಿನವರು ಲ್ಯಾಬನ್ನು ಪರೀಕ್ಷಿಸೋಕೆ ಕಳಿಸೋ) ಸ್ಯಾಂಪಲ್ ಕೂಡ ಇದೇ ನೀರಲ್ಲಿ ಕರಗಿಸಿದರೆ ಪಾಸ್ ಆಗಿಬಿಡುತ್ತೆ. ನನಗೆ ಭಯ ಹುಟ್ಟಿಸೋದು ಅದೇ.

ಶುಗರ್, ಯೂರಿಯಾ ನೀರಲ್ಲಿ ಇರೋಲ್ಲ, ಹಾಗಾಗಿ ಅವು ಸರಿಯಾಗೇ ಬರ್ತಿವೆ. ಐಎಸ್‌ಇಗೆ ರೆಡಿ ಪ್ಯಾಕ್, ಈ ನೀರು ಸೋಕೋದೇ ಇಲ್ಲ.

ಖಚಿತ ಮಾಡಿಕೊಳ್ಳೋಕೆ ಮೆಡಿಕಲ್ ಸ್ಟೋರಿಂದ ಇಂಜೆಕ್ಷನ್ ವಾಟರ್ ಆಂಪ್ಯೂಲ್ ತನ್ನಿ (ಸಲೈನ್ ಬೇಡ). ಹೊಸ ಕಂಟ್ರೋಲ್ ವಯಲ್ ಒಂದನ್ನು ಅದರಲ್ಲಿ ಕರಗಿಸಿ. ವಾಲ್ಯುಮೆಟ್ರಿಕ್ ಪಿಪೆಟ್ ಬಳಸಿ, ಕುಲುಕದೆ ಮೆಲ್ಲಗೆ ತಿರುಗಿಸಿ, ಅರ್ಧ ಗಂಟೆ ಬಿಡಿ. ಕ್ಯಾಲಿಬ್ರೇಶನ್ ಮುಟ್ಟಬೇಡಿ, ಈಗಿರೋದರಲ್ಲೇ ಓಡಿಸಿ. ನಾನು ಹೇಳಿದ್ದು ನಿಜವಾದರೆ ಆ ಕಂಟ್ರೋಲ್ ಕೂಡ ಪೇಷೆಂಟ್‌ಗಳ ಥರ ಕೆಳಗೆ ಬೀಳಬೇಕು. ಆಮೇಲೆ ಆಂಪ್ಯೂಲ್ ನೀರನ್ನೇ ಸ್ಯಾಂಪಲ್ ಕಪ್‌ಗೆ ಹಾಕಿ ನೋಡಿ, ಮೈನಸ್ ಬರಬೇಕು. ಕೆಲವು ಮೆಷಿನ್ ಮೈನಸ್ ತೋರಿಸದೆ ಸೊನ್ನೆ ಹಾಕುತ್ತವೆ, ಆಗ ಅಬ್ಸಾರ್ಬೆನ್ಸ್ (ಬೆಳಕು ಹೀರಿದ ಪ್ರಮಾಣ) ಬ್ಲ್ಯಾಂಕ್‌ನದರ ಜೊತೆ ಹೋಲಿಸಿ.

ಬಂಗಾರಪೇಟೆ_ಲ್ಯಾಬ್

ಸಾರ್, ಹೇಳಿದ ಹಾಗೇ ಆಯ್ತು. ಆಂಪ್ಯೂಲ್ ನೀರಲ್ಲಿ ಕರಗಿಸಿದ 9.0ರ ಕಂಟ್ರೋಲ್ 8.1 ಬಂತು. ಕಾರ್ಟ್ರಿಡ್ಜ್ ಬಿಚ್ಚಿಸಿದೆವು, ಬಣ್ಣ ಬದಲಾಗೋ ರೆಸಿನ್ ಅದು, ಮೇಲಿಂದ ಕೆಳಗಿನವರೆಗೂ ಬಣ್ಣ ತಿರುಗಿಬಿಟ್ಟಿತ್ತು. ಹೊಸದು ಹಾಕಿ, ಟ್ಯಾಂಕ್ ತೊಳೆದು, ಎಲ್ಲ ವಯಲ್ ಹೊಸದಾಗಿ ಕರಗಿಸಿ ಕ್ಯಾಲಿಬ್ರೇಟ್ ಮಾಡಿದೆ. ಕೋಲಾರಕ್ಕೆ ಕಳಿಸಿದ್ದ ಅದೇ ಸೀರಂ ಈಗ 9.3!

ಆಗಲೇ ಹೋಗಿರೋ ರಿಪೋರ್ಟ್‌ಗಳಿಗೆ 0.8 ಕೂಡಿಸಿ ತಿದ್ದಿಕೊಡಬಹುದಾ?

ತುಮಕೂರು_ಬಯೋಕೆಮ್

ದಯವಿಟ್ಟು ಬೇಡ ಮೇಡಂ. ರೆಸಿನ್ ಸ್ವಲ್ಪ ಸ್ವಲ್ಪವಾಗಿ ಸೋತಿರುತ್ತೆ, ಯಾವ ದಿನ ಎಷ್ಟು ತಪ್ಪಿತ್ತು ಅಂತ ಲೆಕ್ಕ ಸಿಗೋಲ್ಲ. ಫ್ರಿಜ್‌ನಲ್ಲಿ ಈ ವಾರದ ಸೀರಂ ಇದ್ದರೆ ಮತ್ತೆ ಓಡಿಸಿ, ತಿದ್ದಿದ ರಿಪೋರ್ಟ್ ಅಂತ ಬರೆದೇ ಕೊಡಿ. ಅದಕ್ಕಿಂತ ಹಳೆಯವರ ಪಟ್ಟಿ ಮಾಡಿ ಡಾಕ್ಟರಿಗೆ ಇವತ್ತೇ ತಿಳಿಸಿ. ಬೇಡದ ಕ್ಯಾಲ್ಸಿಯಂ ಮಾತ್ರೆ ನುಂಗ್ತಿರೋರು ಆ ಪಟ್ಟಿಯಲ್ಲಿ ಇರ್ತಾರೆ. ಉಚಿತವಾಗಿ ಮತ್ತೆ ಟೆಸ್ಟ್ ಮಾಡಿಕೊಡಿ.

ಇನ್ನು ಮುಂದೆ ದಿನದ ಪೇಷೆಂಟ್ ಕ್ಯಾಲ್ಸಿಯಂಗಳ ಸರಾಸರಿಯನ್ನೂ ಚಾರ್ಟ್‌ಗೆ ಹಾಕಿ. 1965ರಿಂದಲೂ ಇರೋ ವಿಧಾನ ಅದು. ಸೀರಂನಲ್ಲಿ ನಿಮ್ಮ ನೀರು ಇರೋಲ್ಲ, ಹಾಗಾಗಿ ಕಂಟ್ರೋಲ್ ಮುಚ್ಚಿಟ್ಟದ್ದನ್ನು ಇದು ತೋರಿಸುತ್ತೆ.

ಗೌರಿಬಿದನೂರು_ಎಂಎಲ್‌ಟಿ

ಪೆನ್ ಮೀಟರ್ ಸಾಕಾ ಸಾರ್? ನಮ್ಮದು ಸೊನ್ನೆ ತೋರಿಸುತ್ತೆ.

ತುಮಕೂರು_ಬಯೋಕೆಮ್

ಸಾಲದು. ಆ ಪೆನ್ 1ಕ್ಕಿಂತ ಕೆಳಗಿನದನ್ನೆಲ್ಲ ಸೊನ್ನೆ ಅಂತಲೇ ತೋರಿಸುತ್ತೆ. 1 ಅಂದರೇನೇ ಸುಮಾರು 2 ಮೈಕ್ರೋಸೀಮೆನ್ಸ್, ನಮಗೆ ಬೇಕಾದ 0.1 ಅದರ ಅಳತೆಗೆ ಸಿಗೋದೇ ಇಲ್ಲ. ಇನ್‌ಲೈನ್ ರೆಸಿಸ್ಟಿವಿಟಿ ಮೀಟರ್ ಹಾಕಿಸಿ, ಆರ್‌ಓ ಪಕ್ಕ ಅಲ್ಲ, ಕಾರ್ಟ್ರಿಡ್ಜ್ ದಾಟಿದ ಮೇಲೆ ಮೆಷಿನ್‌ಗೆ ಹೋಗೋ ಪೈಪಿನಲ್ಲಿ. ದಿನಾ ಬೆಳಗ್ಗೆ ಕಂಟ್ರೋಲ್ ಓಡಿಸೋ ಮುಂಚೆ ಆ ರೀಡಿಂಗ್ ಕ್ಯೂಸಿ ಪುಸ್ತಕದಲ್ಲಿ ಬರೆದಿಡಿ.