ಧಾರ್ಮಿಕ ಶ್ರದ್ಧೆಗೂ ಸಾರ್ವಜನಿಕ ಸೇವೆಗೂ ಇರುವ ನಂಟು ಎಂತಹದು?

ಪ್ರಶ್ನೆ:
ಪ್ರಾರ್ಥನೆಗೋ ಪೂಜೆಗೋ ತಪ್ಪದೆ ಸೇರುವವರು ರಕ್ತದಾನ, ನೆರೆ ಪರಿಹಾರದಂತಹ ಕೆಲಸಗಳಲ್ಲೂ ಮುಂದಿರುತ್ತಾರೆಂದು ಹೇಳುವುದುಂಟು. ಇದಕ್ಕೆ ಕಾರಣ ಅವರ ನಂಬಿಕೆಯೇ, ಅಥವಾ ಮತ್ತೆ ಮತ್ತೆ ಒಂದೆಡೆ ಕೂಡುವುದರಿಂದ ಬೆಳೆಯುವ ಪರಿಚಯವೇ? ಮನೆಯಲ್ಲಿ ಒಬ್ಬರೇ ಧ್ಯಾನ ಮಾಡುವ ಶ್ರದ್ಧಾವಂತರಲ್ಲೂ ಇದೇ ಒಲವು ಕಾಣುತ್ತದೆಯೇ? ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ 1:
ಪರಿಚಯದ ಪಾತ್ರವೇ ದೊಡ್ಡದೆಂಬುದು ನನ್ನ ಅಭಿಪ್ರಾಯ. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕ್‌ಹೈಮ್ 1912ರಲ್ಲೇ, ಧರ್ಮವೆಂದರೆ ಬರಿಯ ನಂಬಿಕೆಗಳ ಮೊತ್ತವಲ್ಲ, ನಂಬಿಕೆ ಮತ್ತು ಆಚರಣೆಗಳ ಮೂಲಕ ಜನರನ್ನು ಒಂದು ನೈತಿಕ ಸಮುದಾಯವಾಗಿ ಕೂಡಿಸುವ ವ್ಯವಸ್ಥೆ ಎಂದು ವಿವರಿಸಿದ್ದರು. ಅಮೆರಿಕದ ರಾಜ್ಯಶಾಸ್ತ್ರಜ್ಞರಾದ ರಾಬರ್ಟ್ ಪಟ್ನಮ್ ಮತ್ತು ಡೇವಿಡ್ ಕ್ಯಾಂಪ್‌ಬೆಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದೆ. ಆರಾಧನೆಗೆ ನಿಯಮಿತವಾಗಿ ಹೋಗುವವರು ದಾನ ಮಾಡುವುದರಲ್ಲೂ, ಧರ್ಮಕ್ಕೆ ಸಂಬಂಧಿಸದ ಸೇವೆಯಲ್ಲೂ ಮುಂದಿದ್ದರು. ಆದರೆ ಯಾರು ಏನನ್ನು ನಂಬುತ್ತಾರೆ ಎಂಬುದಕ್ಕಿಂತ, ಆ ಕೂಟದಲ್ಲಿ ಅವರಿಗೆ ಎಷ್ಟು ಮಂದಿ ಆಪ್ತರಿದ್ದಾರೆ ಎಂಬುದೇ ಅದಕ್ಕೆ ಮುಖ್ಯ ಕಾರಣವಾಗಿ ಕಂಡಿತು. ಆಪ್ತರು ಬಂದು ಕರೆದಾಗ ಒಲ್ಲೆನೆನ್ನುವುದು ಕಷ್ಟ. ಮೊದಲೇ ಬೆರೆಯುವ ಸ್ವಭಾವದವರು ಇಂತಹ ಕೂಟಗಳಿಗೆ ಹೆಚ್ಚಾಗಿ ಸೇರುತ್ತಾರೆಂಬ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಉತ್ತರ 2:
ಕೂಟದಲ್ಲಿ ಸಿಗುವುದು ಗೆಳೆತನ ಮಾತ್ರವಲ್ಲ, ಕೆಲಸದ ಅಭ್ಯಾಸವೂ ಹೌದು. ಸಭೆ ಕರೆಯುವುದು, ಮನವಿ ಬರೆಯುವುದು, ನಾಲ್ಕು ಜನರೆದುರು ಮಾತನಾಡುವುದು, ಇವನ್ನೆಲ್ಲ ಉದ್ಯೋಗದಲ್ಲಿ ಕಲಿಯಲು ಅವಕಾಶವಿಲ್ಲದವರಿಗೂ ಚರ್ಚುಗಳು ಕಲಿಸುತ್ತವೆ ಎಂದು ರಾಜ್ಯಶಾಸ್ತ್ರಜ್ಞ ಸಿಡ್ನಿ ವರ್ಬಾ ಮತ್ತು ಸಂಗಡಿಗರು 1995ರಲ್ಲಿ ಅಮೆರಿಕದ ಸಮೀಕ್ಷೆಯ ಆಧಾರದಿಂದ ತೋರಿಸಿದ್ದಾರೆ. ಬಡವರ ಪಾಲಿಗೆ ಇದು ಸಣ್ಣ ಲಾಭವಲ್ಲ.

ಉತ್ತರ 3:
ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ, ಆದರೆ ಕೂಟದ ಹೊರಗುಳಿದವರ ಸ್ಥಿತಿ ನನ್ನನ್ನು ಕಾಡುತ್ತದೆ. ತಮ್ಮವರನ್ನು ಬಿಗಿಯಾಗಿ ಬೆಸೆಯುವ ನಂಟು ಬೇರೆ, ಅನ್ಯರತ್ತ ಸೇತುವೆಯಾಗುವ ನಂಟು ಬೇರೆ ಎಂದು ಪಟ್ನಮ್ ಅವರೇ ವಿಂಗಡಿಸಿದ್ದಾರೆ. ಮೊದಲನೆಯದು ಧಾರ್ಮಿಕ ಕೂಟಗಳಲ್ಲಿ ಸುಲಭವಾಗಿ ಬೆಳೆಯುತ್ತದೆ; ಎರಡನೆಯದು ತಾನಾಗಿ ಬರುವುದಿಲ್ಲ. ನಂಬಿಕೆ ಕಳೆದುಕೊಂಡವರು, ಬೇರೆ ಮತದವರನ್ನು ಮದುವೆಯಾದವರು ಎಷ್ಟೋ ಸಲ ಆರಾಧನೆಯ ಸ್ಥಳವನ್ನಷ್ಟೇ ಅಲ್ಲ, ಕಷ್ಟಕಾಲಕ್ಕೆ ಒದಗುತ್ತಿದ್ದ ಸ್ನೇಹಿತರೆಲ್ಲರನ್ನೂ ಒಮ್ಮೆಗೇ ಕಳೆದುಕೊಳ್ಳುತ್ತಾರೆ, ಮತ್ತು ಸೇವೆಯ ಸಂಖ್ಯೆಗಳನ್ನು ಎಣಿಸುವಾಗ ಈ ನಷ್ಟ ಯಾವ ಲೆಕ್ಕಕ್ಕೂ ಬರುವುದಿಲ್ಲ. ಆದ್ದರಿಂದ ಪರಿಹಾರ ಕಾರ್ಯಗಳಲ್ಲಿ ಬೇರೆ ಬೇರೆ ಮತದವರು ವಸ್ತು ಹಂಚುವ ದಿನ ಒಟ್ಟಿಗೆ ನಿಂತರೆ ಸಾಲದು; ಹಣದ ಲೆಕ್ಕ ಇಡುವಾಗಲೂ, ನೆರವು ಯಾರಿಗೆ ಸಲ್ಲಬೇಕೆಂದು ಪಟ್ಟಿ ಮಾಡುವಾಗಲೂ ಜೊತೆಗೆ ಕುಳಿತಿರಬೇಕು.