ಅಪ್‌ಡೇಟ್: ಕ್ಯಾಮೆರಾ ದಂಡವನ್ನು ಪ್ರಶ್ನಿಸಲು ನಿರ್ಧರಿಸಿದೆ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿಯನ್ನು ಮೀರಿದ್ದೇನೆಂದು ಬಂದ 1,000 ರೂಪಾಯಿ ದಂಡವನ್ನು ಕಟ್ಟಿಬಿಡುವುದೋ, ಪ್ರಶ್ನಿಸುವುದೋ ಎಂದು ಹಿಂದೆ ಕೇಳಿದ್ದೆ. ಮೊದಲು ಚಿತ್ರವನ್ನು ಪರಿಶೀಲಿಸಿ ಎಂದವರಿಗೆ ಕೃತಜ್ಞತೆಗಳು.

ಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಕಾರಿನ ಮಾದರಿಯೂ ಬಣ್ಣವೂ ನನ್ನ ಕಾರಿನದರಂತೆಯೇ ಇದ್ದರೂ ಅದರ ಮೇಲೆ ನನ್ನ ಕಾರಿನಲ್ಲಿಲ್ಲದ ಲಗೇಜ್ ಕ್ಯಾರಿಯರ್ ಇತ್ತು. ನಂಬರ್ ಪ್ಲೇಟಿನ ಕೊನೆಯ ಅಂಕಿಯಾದ 3, ನೋಟಿಸಿನಲ್ಲಿ 8 ಎಂದು ದಾಖಲಾಗಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮದಂತೆ, ಅಪರಾಧ ನಡೆದ 15 ದಿನಗಳೊಳಗೆ ಕಳುಹಿಸಬೇಕಾದ ನೋಟಿಸಿನಲ್ಲಿ ವಾಹನದ ಸಂಖ್ಯೆ ಕಾಣುವ ಚಿತ್ರ, ಉಪಕರಣ ಅಳೆದ ವೇಗ, ದಿನಾಂಕ, ಸಮಯ ಮತ್ತು ಸ್ಥಳ ಇರಬೇಕು. ನೋಟಿಸು ಅವಧಿಯೊಳಗೇ ಬಂದಿದ್ದರಿಂದ ಆ ವಿಷಯವನ್ನು ನಾನು ಎತ್ತಲಿಲ್ಲ. ಸಂಖ್ಯೆಯ ವ್ಯತ್ಯಾಸವೊಂದನ್ನೇ ಹಿಡಿದು, ಆರ್‌ಸಿ ಪ್ರತಿ ಮತ್ತು ನನ್ನ ಕಾರಿನ ಚಿತ್ರಗಳೊಂದಿಗೆ ಆಕ್ಷೇಪಣೆ ಸಲ್ಲಿಸಿದೆ.

ಚಿತ್ರದಲ್ಲಿದ್ದುದು ನನ್ನ ಕಾರೇ ಆಗಿದ್ದರೆ ಖಂಡಿತ ದಂಡ ಕಟ್ಟುತ್ತಿದ್ದೆ. 2023ರಲ್ಲಿ ಈ ರಸ್ತೆಯಲ್ಲಿ ಅಷ್ಟೊಂದು ಜೀವಗಳು ಹೋದ ಮೇಲೆ ಕ್ಯಾಮೆರಾಗಳು ಬೇಡವೆನ್ನಲು ನನಗೆ ಮನಸ್ಸಿಲ್ಲ. ಆದರೆ ಬೇರೊಬ್ಬರ ವೇಗಕ್ಕೆ ನಾನು ಹಣ ತೆತ್ತರೆ ವೇಗವಾಗಿ ಓಡಿಸಿದವರಿಗೆ ಎಚ್ಚರಿಕೆಯೇ ತಲುಪುವುದಿಲ್ಲ.

ನಿನ್ನೆ ಆಕ್ಷೇಪಣೆ ಅಂಗೀಕಾರವಾಗಿ, ನನ್ನ ವಾಹನದ ಹೆಸರಿನಲ್ಲಿದ್ದ ದಂಡ ರದ್ದಾಗಿದೆ.