ಸಹಾಯ ಬೇಕು: ಮಗುವಿನ ಟೆದರ್ಡ್ ಕಾರ್ಡ್ (ಅಂಟಿಕೊಂಡ ಬೆನ್ನುಹುರಿ) ಆಪರೇಷನ್, ಮುಂಬೈಯಲ್ಲಿ ಎಲ್ಲಿ?

ನಮಸ್ಕಾರ. ಡೊಂಬಿವಲಿಯಲ್ಲಿರುವ ನನ್ನ ತಂಗಿಯ ಮಗಳಿಗೆ ನಾಲ್ಕು ವರ್ಷ. ಹುಟ್ಟಿದಾಗಿನಿಂದ ಸೊಂಟದ ಹತ್ತಿರ, ಬೆನ್ನಿನ ನಡುವೆ ಮೆತ್ತಗಿನ ಗಂಟು ಇದೆ, ಮೇಲೆ ಒಂದಿಷ್ಟು ಕೂದಲು. ನೋವಿಲ್ಲವಲ್ಲ ಅಂತ ಎಲ್ಲರೂ ಸುಮ್ಮನಿದ್ದರು. ಈಗ ಎಡಗಾಲು ಎಳೆದು ನಡೆಯುತ್ತಾಳೆ, ಗೊತ್ತಾಗದೆ ಬಟ್ಟೆ ಒದ್ದೆಯಾಗುತ್ತದೆ.

ಎಂಆರ್‌ಐ ಆಯಿತು. ಬೆನ್ನುಹುರಿಯ ತುದಿ ಸಾಮಾನ್ಯವಾಗಿ ಸೊಂಟದ 1 ಅಥವಾ 2ನೇ ಮೂಳೆಯ ಮಟ್ಟದಲ್ಲಿ ಮುಗಿಯಬೇಕು, ಇವಳಿಗೆ 4ರವರೆಗೂ ಇಳಿದು ಕೊಬ್ಬಿನ ಗಂಟಿಗೆ ಅಂಟಿಕೊಂಡಿದೆ, ಮಗು ಬೆಳೆದಂತೆ ಹುರಿಗೆ ಎಳೆತ ಜಾಸ್ತಿಯಾಗುತ್ತದೆ ಅಂದರು ಡಾಕ್ಟರ್. ಅಂಟಿದ ಹುರಿಯನ್ನು ಬಿಡಿಸುವ ಈ ಆಪರೇಷನ್ ಮುಂದಿನ ಹಾನಿ ತಡೆಯೋದಕ್ಕೆ, ಹೋದ ಶಕ್ತಿ ಪೂರ್ತಿ ವಾಪಸ್ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಹಾಗಾಗಿ ತಡ ಮಾಡೋದು ಬೇಡ ಅಂತ ನನಗೆ ಬಲವಾಗಿ ಅನಿಸುತ್ತಿದೆ.

ಪರೇಲ್‌ನ ವಾಡಿಯಾ ಅಥವಾ ಕೆಇಎಂ ಆಸ್ಪತ್ರೆಯಲ್ಲಿ ಮಕ್ಕಳಿಗೆ ಇದೇ ಆಪರೇಷನ್ ಮಾಡಿಸಿದವರು ಯಾರಾದರೂ ಇದ್ದೀರಾ? ಆಪರೇಷನ್ ನಡೆಯುವಾಗ ಕಾಲು, ಮೂತ್ರಕೋಶದ ನರಗಳನ್ನು ಗಮನಿಸುವ ನ್ಯೂರೋಮಾನಿಟರಿಂಗ್ ಇತ್ತಾ? ಮೊದಲು ಮೂತ್ರಕೋಶ ಸರಿಯಾಗಿ ತುಂಬಿ ಖಾಲಿಯಾಗುತ್ತದಾ ಅಂತ ನೋಡುವ ಯುರೋಡೈನಾಮಿಕ್ ಪರೀಕ್ಷೆ ಮಾಡಿಸಿದರಾ? ಹುರಿ ಮತ್ತೆ ಅಂಟಿಕೊಳ್ಳಬಹುದು ಅಂತಾರೆ, ನಿಮ್ಮ ಮಗುವಿಗೆ ಹಾಗಾಯಿತಾ?

ಹಣದ್ದೂ ಚಿಂತೆ ಇದೆ. ಮಹಾರಾಷ್ಟ್ರದ ಚಾರಿಟಿ ಆಸ್ಪತ್ರೆಗಳಲ್ಲಿ ಬಡವರಿಗೆ ಶೇಕಡಾ 10 ಹಾಸಿಗೆ ಉಚಿತ, ಇನ್ನು 10 ರಿಯಾಯಿತಿಯಲ್ಲಿ ಇರಬೇಕಲ್ವಾ, ಅದಕ್ಕೆ ಯಾವ ಕಾಗದ ಕೇಳುತ್ತಾರೆ?

ಇನ್ನೊಂದು ಮಾತು. ನಿಮ್ಮ ಎಳೆ ಕೂಸಿನ ಬೆನ್ನಲ್ಲಿ ಹೀಗೆ ಗಂಟು, ಕೂದಲು ಕಂಡರೆ ಈಗಲೇ ತೋರಿಸಿ, ಮೊದಲ ಕೆಲವು ತಿಂಗಳು ಮೂಳೆ ಗಟ್ಟಿಯಾಗುವ ಮುಂಚೆ ಬರೀ ಅಲ್ಟ್ರಾಸೌಂಡ್‌ನಲ್ಲೇ ಹುರಿ ಕಾಣುತ್ತದೆ.

ಗೊತ್ತಿರುವವರು ದಯವಿಟ್ಟು ಇಲ್ಲೇ ಬರೆಯಿರಿ, ಇಲ್ಲ ಮೆಸೇಜ್ ಮಾಡಿ. ರಿಪೋರ್ಟ್ ಕಳಿಸುತ್ತೇನೆ.